ವಿಮಾನದಲ್ಲಿ ಡೇಂಜರಸ್ ಗೂಡ್ಸ್ ಲೋಡ್ ಪ್ಲ್ಯಾನ್ ಮಾಡಲು ಹಳೇ ಕಾಲದ ಎಕ್ಸ್‌ಪರ್ಟ್ ಸಿಸ್ಟಂ ಸಾಕಾ?

ಬೈಟು_ಕಾಫಿ

ನಮಸ್ಕಾರ. ಇಲ್ಲಿ ಏರ್ ಕಾರ್ಗೋ ಕಡೆಯವರು ಒಂದಿಬ್ಬರು ಇದ್ದಾರೆ ಅಂತ ಗೊತ್ತು, ಅದಕ್ಕೇ ಕೇಳುತ್ತಿದ್ದೇನೆ.

ನಾನು ಬೆಂಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಡೆವಲಪರ್. ಫ್ರೈಟರ್, ಅಂದರೆ ಸರಕು ಮಾತ್ರ ಒಯ್ಯುವ ವಿಮಾನಗಳ ಲೋಡ್ ಪ್ಲ್ಯಾನಿಂಗ್‌ಗೆ ನಮ್ಮದೊಂದು ಟೂಲ್ ಇದೆ. ಯಾವ ಪ್ಯಾಲೆಟ್ ಯಾವ ಪೊಸಿಷನ್‌ಗೆ, ತೂಕ ಎಷ್ಟು, ಸೆಂಟರ್ ಆಫ್ ಗ್ರಾವಿಟಿ ಮಿತಿಯೊಳಗಿದೆಯಾ, ಇಷ್ಟು ನೋಡುತ್ತದೆ. ಈಗ ಗ್ರಾಹಕರು ಡೇಂಜರಸ್ ಗೂಡ್ಸನ್ನೂ ಸೇರಿಸಿ ಅಂತ ಕೂತಿದ್ದಾರೆ. ಲೀಥಿಯಂ ಬ್ಯಾಟರಿ, ಪೇಂಟ್, ಆ್ಯಸಿಡ್, ಡ್ರೈ ಐಸ್, ಆಸ್ಪತ್ರೆಗೆ ಹೋಗುವ ರೇಡಿಯೋಆ್ಯಕ್ಟಿವ್ ಸಾಮಾನು, ಇವನ್ನೆಲ್ಲ ಎಲ್ಲಿ ಇಡಬಹುದು, ಯಾವುದರ ಪಕ್ಕ ಯಾವುದು ಇಡಬಾರದು ಅಂತ ಟೂಲೇ ಹೇಳಬೇಕು.

ನಮ್ಮ ಮ್ಯಾನೇಜರ್ ಪ್ರಕಾರ ಇದು ಎರಡು ವಾರದ ಕೆಲಸ. ಐಎಟಿಎ (ಏರ್‌ಲೈನ್‌ಗಳ ಅಂತಾರಾಷ್ಟ್ರೀಯ ಒಕ್ಕೂಟ) ನಿಯಮದ ಪುಸ್ತಕವನ್ನು ಒಂದು ಎಲ್‌ಎಲ್‌ಎಂಗೆ, ಅಂದರೆ ಭಾಷಾ ಎಐ ಮಾಡೆಲ್ಲಿಗೆ ಕೊಟ್ಟು "ಈ ಲೋಡ್ ಸರಿ ಇದೆಯಾ" ಅಂತ ಕೇಳಿದರೆ ಮುಗೀತಂತೆ. ನನಗೆ ಧೈರ್ಯ ಬರುತ್ತಿಲ್ಲ. ನಿಯಮಗಳನ್ನು ಇಫ್-ದೆನ್ ರೂಪದಲ್ಲಿ ಬರೆದು ರೂಲ್ ಇಂಜಿನ್ ಕಟ್ಟೋಣ ಅಂದರೆ, ಪಕ್ಕದ ಸೀಟಿನವನು "ಎಕ್ಸ್‌ಪರ್ಟ್ ಸಿಸ್ಟಮ್ಮಾ? ಅದು ಎಂಬತ್ತರ ದಶಕದ್ದು ಮಾರಾಯ" ಅಂತ ನಗುತ್ತಾನೆ. ಯಾರಾದರೂ ನಿಜವಾಗಿ ಇಂಥದ್ದು ಮಾಡಿದ್ದಾರಾ? ರೂಲ್ ಇಂಜಿನ್ ಎಲ್ಲಿ ಕೈಕೊಡುತ್ತದೆ? ಗೋದಾಮಿನಲ್ಲಿ ಕೆಲಸ ಮಾಡುವವರು ಇಂಥ ಟೂಲಿನಿಂದ ಏನು ಬಯಸುತ್ತಾರೆ?

ಹಳೇ_ಪ್ರೊಲಾಗ್

ಎಂಬತ್ತರ ದಶಕದ್ದು ಅನ್ನೋದು ಬೈಗುಳ ಅಲ್ಲ ಸ್ವಾಮಿ. ನಿಮ್ಮ ಗೆಳೆಯನಿಗೆ ಹೇಳಿ, ವಿಮಾನದ ಲೋಡ್ ಪ್ಲ್ಯಾನಿಂಗ್‌ಗೆ ಎಕ್ಸ್‌ಪರ್ಟ್ ಸಿಸ್ಟಂ ಬಂದದ್ದೇ ಆಗ. ಅಮೆರಿಕದ ಸೇನೆಗೋಸ್ಕರ ಎಸ್‌ಆರ್‌ಐ ಇಂಟರ್‌ನ್ಯಾಷನಲ್ ಎಂಬ ಸಂಶೋಧನಾ ಸಂಸ್ಥೆ ಎಎಎಲ್‌ಪಿಎಸ್ ಅಂತ ಒಂದನ್ನು ಕಟ್ಟಿತು. ಪೂರ್ತಿ ಹೆಸರು ಆಟೋಮೇಟೆಡ್ ಏರ್ ಲೋಡ್ ಪ್ಲ್ಯಾನಿಂಗ್ ಸಿಸ್ಟಂ. ಜೀಪು, ಟ್ರಕ್ಕು, ಪ್ಯಾಲೆಟ್ಟು ಇವನ್ನೆಲ್ಲ ಸಿ-130, ಸಿ-141, ಸಿ-5 ವಿಮಾನಗಳೊಳಗೆ ಹೇಗೆ ಕೂರಿಸಬೇಕು ಅನ್ನೋದು ಅದರ ಕೆಲಸ. ಅದಕ್ಕೂ ಮೊದಲು ವಿಮಾನದ ನಕ್ಷೆಯ ಮೇಲೆ ಅದೇ ಸ್ಕೇಲಿನ ತುಂಡುಗಳನ್ನು ಕೈಯಲ್ಲಿ ಜರುಗಿಸಿ, ಕ್ಯಾಲ್ಕ್ಯುಲೇಟರ್ ಹಿಡಿದು ಪ್ಲ್ಯಾನ್ ಮಾಡುತ್ತಿದ್ದರು.

ಅದರಲ್ಲಿ ನನಗೆ ಇಷ್ಟವಾದದ್ದು ಒಂದು ವಿಷಯ. ಅದು ಪ್ಲ್ಯಾನ್ ಹಾಕಿಕೊಡೋದಷ್ಟೇ ಅಲ್ಲ, ಮನುಷ್ಯ ಹಾಕಿದ ಪ್ಲ್ಯಾನನ್ನು ಪರೀಕ್ಷೆಯನ್ನೂ ಮಾಡುತ್ತಿತ್ತು. ನೀವೇ ಒಂದು ವಾಹನವನ್ನು ಆ ಕಡೆ ಎಳೆದು ಇಡಿ, ಮಿತಿ ಮೀರಿದ್ದರೆ ಅದು ಹೇಳುತ್ತದೆ. ನಿಮ್ಮ ಟೂಲಿಗೂ ಈ ಎರಡನೇ ಕೆಲಸವೇ ಮೊದಲು ಬರಬೇಕು ಅಂತ ನನ್ನ ಅಭಿಪ್ರಾಯ. ಒಳ್ಳೆಯ ಪ್ಲ್ಯಾನ್ ಹುಡುಕೋದು ಆಮೇಲೆ, ಕೆಟ್ಟ ಪ್ಲ್ಯಾನ್ ಹಿಡಿಯೋದು ಮೊದಲು.

ಹಡಗಿನ ಕಡೆ ಐಕೋಡ್ಸ್ ಅಂತ ಇನ್ನೊಂದಿದೆ, ಅದೂ ಅಮೆರಿಕದ ಸೇನೆಯದೇ. ಅದರಲ್ಲಿ ಒಂದೊಂದು ವಿಷಯಕ್ಕೆ ಒಂದೊಂದು ಏಜೆಂಟ್. ಒಂದು ಹಡಗಿನ ಸಮತೋಲ ನೋಡುತ್ತದೆ, ಇನ್ನೊಂದು ಅಪಾಯಕಾರಿ ಸರಕಿನ ಮೇಲೆ ಮಾತ್ರ ಕಣ್ಣಿಡುತ್ತದೆ, ಪ್ಲ್ಯಾನ್ ಮಾಡುವವರು ಪೆಟ್ಟಿಗೆ ಜರುಗಿಸಿದ ಕೂಡಲೇ ತಕರಾರು ಎತ್ತುತ್ತದೆ. ಈಗ ಎಲ್ಲರೂ ಏಜೆಂಟ್ ಏಜೆಂಟ್ ಅಂತ ಕುಣಿಯೋದು ನೋಡಿದರೆ ನಗು ಬರುತ್ತದೆ, ಇರಲಿ.

ಕೈಕೊಡೋದು ಎಲ್ಲಿ ಅಂದರೆ ನಿರ್ವಹಣೆಯಲ್ಲಿ. ಡಿಇಸಿ ಕಂಪನಿಯ ಎಕ್ಸ್‌ಕಾನ್ ಕಥೆ ಓದಿ. ಕಂಪ್ಯೂಟರ್ ಆರ್ಡರಿಗೆ ಯಾವ ಭಾಗಗಳು ಬೇಕು ಅಂತ ಜೋಡಿಸುತ್ತಿದ್ದ ಎಕ್ಸ್‌ಪರ್ಟ್ ಸಿಸ್ಟಂ. ನೂರಾರು ರೂಲಿನಲ್ಲಿ ಶುರುವಾಗಿದ್ದು ಸಾವಿರಾರಕ್ಕೆ ಬೆಳೆಯಿತು, ಒಂದು ಬದಲಿಸಿದರೆ ಇನ್ನೆಲ್ಲಿ ಏನಾಗುತ್ತದೆ ಅಂತ ಹೇಳೋದೇ ಕಷ್ಟವಾಯಿತು. ಆದ್ದರಿಂದ ಟೇಬಲ್ಲಿನಲ್ಲಿ ಹೇಳಬಹುದಾದ ನಿಯಮವನ್ನು ಇಫ್-ದೆನ್ ಆಗಿ ಬರೆಯಬೇಡಿ, ಟೇಬಲ್ಲಾಗಿಯೇ ಇಡಿ. ಇಂಜಿನ್ ಬೇಕಿದ್ದರೆ ಕ್ಲಿಪ್ಸ್ ಇದೆ, ನಾಸಾದವರು 1985ರಲ್ಲಿ ಮಾಡಿದ್ದು, ಈಗಲೂ ಓಡುತ್ತದೆ.

ಗೋದಾಮು_ಗೌಡ

ನಾನು ಡಿಜಿ (ಡೇಂಜರಸ್ ಗೂಡ್ಸ್) ಅಕ್ಸೆಪ್ಟೆನ್ಸ್ ಕೌಂಟರಿನವನು. ಕೋಡ್ ಬರೆಯೋದು ಗೊತ್ತಿಲ್ಲ, ಸರಕು ಗೊತ್ತು. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ಹೊರಗಿನವರು ಇದನ್ನು ಒಂದು ಟೇಬಲ್ ಅಂದುಕೊಂಡಿರುತ್ತಾರೆ. ಡಿಜಿಆರ್‌ನಲ್ಲಿ, ಅಂದರೆ ಆ ಐಎಟಿಎ ಪುಸ್ತಕದಲ್ಲಿ, 9.3.ಎ ಅಂತ ಸೆಗ್ರಿಗೇಶನ್ (ಬೇರೆ ಬೇರೆ ಇಡುವ) ಟೇಬಲ್ ಇದೆ, ಅಡ್ಡಕ್ಕೂ ಉದ್ದಕ್ಕೂ ಅಪಾಯದ ವರ್ಗಗಳು, ಎಕ್ಸ್ ಗುರುತು ಇದ್ದರೆ ಪಕ್ಕಪಕ್ಕ ಇಡುವಂತಿಲ್ಲ. ಮದುವೆ ಮನೆಯಲ್ಲಿ ಮಾತುಬಿಟ್ಟ ನೆಂಟರನ್ನು ಒಂದೇ ಪಂಕ್ತಿಯಲ್ಲಿ ಕೂರಿಸದ ಹಾಗೆ. ಅದನ್ನು ಕೋಡ್ ಮಾಡೋದು ಒಂದು ಮಧ್ಯಾಹ್ನದ ಕೆಲಸ ಇರಬಹುದು. ಕಷ್ಟ ಇರೋದು ಆ ಟೇಬಲ್ಲಿಗೆ ಯಾವ ಸಾಲಿನಿಂದ ಹೋಗಬೇಕು ಅನ್ನೋದರಲ್ಲಿ.

ನೈಟ್ರಿಕ್ ಆ್ಯಸಿಡ್ ತಗೊಳ್ಳಿ, ಯುಎನ್ 2031 (ಅಪಾಯಕಾರಿ ವಸ್ತುಗಳನ್ನು ಗುರುತಿಸಲು ವಿಶ್ವಸಂಸ್ಥೆ ಕೊಟ್ಟ ನಂಬರು). ಎಂಟನೇ ವರ್ಗ, ತಾಗಿದ್ದನ್ನು ಕೊರೆದು ತಿನ್ನುವ ದ್ರವ್ಯ ಅಂತ ಮುಗಿಸುವಂತಿಲ್ಲ. ಸಾಂದ್ರತೆ 65ರಿಂದ 70 ಶೇಕಡಾ ಇದ್ದರೆ ಅದಕ್ಕೆ 5.1 ಎಂಬ ಉಪ ಅಪಾಯವೂ ಇದೆ, ಅಂದರೆ ಇನ್ನೊಂದು ವಸ್ತು ಉರಿಯಲು ಅದು ಸಹಾಯ ಮಾಡುತ್ತದೆ. ಪಕ್ಕದಲ್ಲಿ ಪೇಂಟ್ ಇದೆ, ಯುಎನ್ 1263, ಮೂರನೇ ವರ್ಗ, ಅಂದರೆ ಉರಿಯುವ ದ್ರವ. ನಿಮ್ಮ ಕೋಡು ಬರೀ ಮುಖ್ಯ ವರ್ಗ ನೋಡಿದರೆ 8 ಮತ್ತು 3, ಏನೂ ತೊಂದರೆ ಇಲ್ಲ ಅನ್ನುತ್ತದೆ. ಉಪ ಅಪಾಯ ನೋಡಿದರೆ 5.1 ಮತ್ತು 3, ಎಕ್ಸ್. ಪ್ಯಾಕೇಜಿನ ಮೇಲೆ ಇರುವ ಎಲ್ಲ ಅಪಾಯದ ಲೇಬಲ್ಲುಗಳನ್ನೂ ಲೆಕ್ಕಕ್ಕೆ ತಗೋಬೇಕು ಅಂತ ನಿಯಮ.

ನೈಟ್ರಿಕ್ ಆ್ಯಸಿಡ್ ಉದಾಹರಣೆ ಸುಮ್ನೆ ಕೊಡಲಿಲ್ಲ. 1973ರ ನವೆಂಬರ್ 3ರಂದು ಪ್ಯಾನ್ ಆ್ಯಮ್‌ನ ಒಂದು 707 ಫ್ರೈಟರ್ ನ್ಯೂಯಾರ್ಕಿನಿಂದ ಸ್ಕಾಟ್ಲೆಂಡಿಗೆ ಹೊರಟಿತ್ತು. ನೈಟ್ರಿಕ್ ಆ್ಯಸಿಡ್ ಬಾಟಲಿಗಳನ್ನು ಮರದ ಹೊಟ್ಟಿನಲ್ಲಿ ಪ್ಯಾಕ್ ಮಾಡಿದ್ದರು. ಆ್ಯಸಿಡ್ ಸೋರಿತು, ಹೊಟ್ಟು ಹೊತ್ತಿಕೊಂಡಿತು, ಕಾಕ್‌ಪಿಟ್ ತುಂಬ ಹೊಗೆ. ಬಾಸ್ಟನ್‌ನಲ್ಲಿ ಇಳಿಸಲು ಹೋಗಿ ವಿಮಾನ ಬಿತ್ತು, ಮೂವರೂ ಸಿಬ್ಬಂದಿ ತೀರಿಕೊಂಡರು. ನೋಡಿ, ಇಲ್ಲಿ ಪಕ್ಕದ ಪೆಟ್ಟಿಗೆಯ ಪ್ರಶ್ನೆಯೇ ಬರಲಿಲ್ಲ. ಪೆಟ್ಟಿಗೆಯೊಳಗೇ ಎರಡು ಹೊಂದದ ವಸ್ತು ಇತ್ತು. ಲೋಡ್ ಪ್ಲ್ಯಾನ್ ಟೂಲಿಗೆ ಅದು ಕಾಣೋದೇ ಇಲ್ಲ.

ಲೀಥಿಯಂ ಇನ್ನೊಂದು ತಲೆನೋವು. 9.3.ಎ ಟೇಬಲ್ಲಿನಲ್ಲಿ "ಒಂಬತ್ತನೇ ವರ್ಗ" ಅಂತ ರೂಲ್ ಬರೆದರೆ ತಪ್ಪಾಗುತ್ತದೆ. ಡ್ರೈ ಐಸ್ ಕೂಡ ಒಂಬತ್ತೇ, ಯುಎನ್ 1845. ಲೀಥಿಯಂ ಅಯಾನ್ ಬ್ಯಾಟರಿ ಮಾತ್ರ ಬಿಡಿಯಾಗಿ ಬಂದರೆ ಯುಎನ್ 3480, ಉಪಕರಣದ ಜೊತೆ ಅಥವಾ ಒಳಗೆ ಇದ್ದರೆ 3481. ಬಿಡಿ ಬ್ಯಾಟರಿಯನ್ನು ಸ್ಫೋಟಕ, ಉರಿಯುವ ಅನಿಲ, ಉರಿಯುವ ದ್ರವ, 4.1 (ಉರಿಯುವ ಘನವಸ್ತು), 5.1 ಇವುಗಳಿಂದ ದೂರ ಇಡಬೇಕು, 3481ಕ್ಕೆ ಆ ಕಟ್ಟು ಇಲ್ಲ. ಹಾಗಾಗಿ ರೂಲು ವರ್ಗದ ಮೇಲೆ ಅಲ್ಲ, ಯುಎನ್ ನಂಬರಿನ ಮೇಲೆ ನಿಲ್ಲಬೇಕು.

ಆಮೇಲೆ ಜೋಡಿ ಜೋಡಿಯಾಗಿ ನೋಡಿದರೆ ಸಿಗದ ನಿಯಮಗಳು. ಡ್ರೈ ಐಸ್ ಆವಿಯಾಗುವಾಗ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಆದ್ದರಿಂದ ವಿಮಾನದ ಮಾದರಿ ಮತ್ತು ಗಾಳಿಯಾಟ ನೋಡಿ ಒಟ್ಟು ಎಷ್ಟು ಕಿಲೋ ಅಂತ ಏರ್‌ಲೈನ್ ಮಿತಿ ಹಾಕಿರುತ್ತದೆ. ಹತ್ತು ಶಿಪ್‌ಮೆಂಟ್ ಒಂದೊಂದೇ ಸರಿ ಇದ್ದರೂ ಕೂಡಿದಾಗ ಮೀರಬಹುದು. ಅದೇ ಹೋಲ್ಡಿನಲ್ಲಿ ನಾಯಿಮರಿ ಇದ್ದರೆ ಇನ್ನೂ ಎಚ್ಚರ ಬೇಕು. ರೇಡಿಯೋಆ್ಯಕ್ಟಿವ್‌ಗೆ ಟ್ರಾನ್ಸ್‌ಪೋರ್ಟ್ ಇಂಡೆಕ್ಸ್ (ಪ್ಯಾಕೇಜಿನ ವಿಕಿರಣದ ಮಟ್ಟ ಹೇಳುವ ಸಂಖ್ಯೆ) ಕೂಡುತ್ತಾ ಹೋಗಬೇಕು, ಪ್ಯಾಸೆಂಜರ್ ವಿಮಾನಕ್ಕೆ 50, ಫ್ರೈಟರ್‌ಗೆ 200, ಜೊತೆಗೆ ಜನರಿಂದ ಎಷ್ಟು ದೂರ ಅನ್ನೋದು ಬೇರೆ. ಇವು ಕೂಡುವ ನಿಯಮಗಳು. ಇನ್ನು ಕೆಲವು ಜಾಗದ ನಿಯಮಗಳು: "ಕಾರ್ಗೋ ಏರ್‌ಕ್ರಾಫ್ಟ್ ಓನ್ಲಿ" ಲೇಬಲ್ ಇರುವ ಸರಕಿಗೆ ಸಾಮಾನ್ಯವಾಗಿ ಹಾರಾಟದಲ್ಲಿ ಸಿಬ್ಬಂದಿ ಕೈಗೆ ಸಿಗುವ ಜಾಗ ಬೇಕು, ಆದರೆ 6.2 (ಸೋಂಕು ಹರಡುವ ವಸ್ತು), 7 (ರೇಡಿಯೋಆ್ಯಕ್ಟಿವ್) ಇಂಥ ಕೆಲವಕ್ಕೆ ವಿನಾಯಿತಿ ಇದೆ.  ಯಾಕೆ ಅಂತ ನಾನೂ ತಲೆ ಕೆರೆದುಕೊಂಡಿದ್ದೇನೆ, ಆದರೆ ನಿಯಮ ಹಾಗಿದೆ.

ಪ್ರಾಂಪ್ಟ್_ಪುಟ್ಟಣ್ಣ

ಎಲ್ಲರೂ ಎಲ್‌ಎಲ್‌ಎಂಗೆ ಕಲ್ಲು ಹೊಡೆಯೋದು ಫ್ಯಾಶನ್ ಆಗಿದೆ. ಗೌಡ್ರು ಹೇಳಿದ್ದೆಲ್ಲ ಪುಸ್ತಕದಲ್ಲಿ ಇದೆ ತಾನೇ? ಪುಸ್ತಕ ಓದುವ ಮಾಡೆಲ್ಲಿಗೆ ಅದೂ ಗೊತ್ತಾಗುತ್ತದೆ. ನಾನು ಮೇಲಿನ ನೈಟ್ರಿಕ್ ಆ್ಯಸಿಡ್ ಪ್ರಶ್ನೆ ಈಗ ತಾನೇ ಕೇಳಿ ನೋಡಿದೆ, ಸರಿಯಾಗೇ ಹೇಳಿತು. ಸಾವಿರ ರೂಲ್ ಕೈಯಲ್ಲಿ ಟೈಪ್ ಮಾಡುವ ಕಾಲ ಹೋಯ್ತು ಗುರು.

ಹಳೇ_ಪ್ರೊಲಾಗ್

@ಪ್ರಾಂಪ್ಟ್_ಪುಟ್ಟಣ್ಣ, ಇವತ್ತು ಸರಿ ಹೇಳಿತು. ಅದೇ ಪ್ರಶ್ನೆಯನ್ನು ಸ್ವಲ್ಪ ಬೇರೆ ಮಾತಲ್ಲಿ ನಾಳೆ ಕೇಳಿದಾಗಲೂ ಅದನ್ನೇ ಹೇಳುತ್ತದೆ ಅಂತ ಬರೆದು ಸಹಿ ಹಾಕುತ್ತೀರಾ? ಇಲ್ಲಿ ಪ್ರತಿ ಉತ್ತರದ ಕೆಳಗೂ ಒಬ್ಬರು ಸಹಿ ಹಾಕಬೇಕು. ರೂಲ್ ಇಂಜಿನ್ ಆದರೆ "ಯಾಕೆ ಬೇಡ ಅಂದೆ" ಅಂತ ಕೇಳಿದರೆ ಯಾವ ಆವೃತ್ತಿಯ ಯಾವ ನಿಯಮ, ಯಾವ ಎರಡು ಪ್ಯಾಕೇಜು ಅಂತ ಬೆರಳಿಟ್ಟು ತೋರಿಸುತ್ತದೆ. 70ರ ದಶಕದ ಮೈಸಿನ್ ಎಂಬ ವೈದ್ಯಕೀಯ ಎಕ್ಸ್‌ಪರ್ಟ್ ಸಿಸ್ಟಂನಲ್ಲೇ ಆ "ಯಾಕೆ" ಇತ್ತು. ಮಾಡೆಲ್ಲೂ ಕಾರಣ ಹೇಳುತ್ತದೆ ನಿಜ, ಆದರೆ ಅದು ನಿಜವಾಗಿ ಆ ಕಾರಣಕ್ಕೇ ಬೇಡ ಅಂದಿತಾ ಅನ್ನೋದು ಬೇರೆ ಮಾತು.

ಇನ್ನೊಂದು, ಇಲ್ಲಿ ಜಾಗ ಹುಡುಕುವ ಕೆಲಸವೂ ಇದೆ. 777 ಫ್ರೈಟರ್‌ನ ಮೇಲಿನ ಡೆಕ್ಕಿನಲ್ಲೇ 27 ಪ್ಯಾಲೆಟ್ ಪೊಸಿಷನ್. ಅಷ್ಟರಲ್ಲಿ ತೂಕ, ಸಮತೋಲ, ಸೆಗ್ರಿಗೇಶನ್, ಇಳಿಸುವ ಕ್ರಮ ಎಲ್ಲ ಹೊಂದುವ ಜೋಡಣೆ ಹುಡುಕೋದು ಮಾತಾಡಿ ಬಗೆಹರಿಸುವ ಕೆಲಸ ಅಲ್ಲ. ಅದಕ್ಕೆ ಕನ್‌ಸ್ಟ್ರೈಂಟ್ ಸಾಲ್ವರ್ ಬೇಕು, ಅಂದರೆ ಎಲ್ಲ ಷರತ್ತಿಗೂ ಹೊಂದುವ ಜೋಡಣೆ ಹುಡುಕುವ ಸಾಫ್ಟ್‌ವೇರ್. ಗೂಗಲ್‌ನ ಓಆರ್-ಟೂಲ್ಸ್ ಪುಕ್ಕಟೆ ಸಿಗುತ್ತದೆ. ರೂಲ್ ಇಂಜಿನ್ ಯಾವುದು ನಿಷಿದ್ಧ ಅಂತ ಹೇಳಲಿ, ಸಾಲ್ವರ್ ಉಳಿದದ್ದರಲ್ಲಿ ಹುಡುಕಲಿ. ಕೊನೆಗೆ ಬಂದ ಜೋಡಣೆಯನ್ನು ರೂಲ್ ಇಂಜಿನ್ ಮತ್ತೆ ಮೊದಲಿನಿಂದ ಪರೀಕ್ಷೆ ಮಾಡಲಿ. ಎರಡೂ ಕಡೆ ಒಂದೇ ಕೋಡ್ ಇಡಬೇಡಿ, ಒಂದರ ತಪ್ಪು ಇನ್ನೊಂದು ಹಿಡಿಯಬೇಕು.

ಶಾರ್ಜಾ_ಕನ್ನಡತಿ

ನಾನು ಗಲ್ಫ್‌ನಲ್ಲಿ ಲೋಡ್ ಕಂಟ್ರೋಲ್‌ನಲ್ಲಿ ಇದ್ದೇನೆ. ಪುಟ್ಟಣ್ಣನವರಿಗೂ ಒಂದು ಜಾಗ ಇದೆ, ಕೊನೆಗೆ ಹೇಳುತ್ತೇನೆ.

ಇಲ್ಲಿ ಈ ಕೆಲಸ ಮಾಡುವ ಯಾರನ್ನು ಕೇಳಿದರೂ 2010ರ ಸೆಪ್ಟೆಂಬರ್ 3 ಹೇಳುತ್ತಾರೆ. ಯುಪಿಎಸ್ ಫ್ಲೈಟ್ 6, 747 ಫ್ರೈಟರ್, ದುಬೈನಿಂದ ಜರ್ಮನಿಯ ಕಲೋನ್‌ಗೆ ಹೊರಟದ್ದು. ಸರಕಿನಲ್ಲಿ ಬೆಂಕಿ, ಹೊಗೆಯಲ್ಲಿ ಉಪಕರಣಗಳೇ ಕಾಣದೆ ವಾಪಸ್ ಬರುವಾಗ ಬಿದ್ದು ಇಬ್ಬರೂ ಪೈಲಟ್‌ಗಳು ಹೋದರು. ವಿಮಾನದಲ್ಲಿ ಲೀಥಿಯಂ ಬ್ಯಾಟರಿ ಬೇಕಾದಷ್ಟಿತ್ತು. ಆದರೆ ಡೇಂಜರಸ್ ಗೂಡ್ಸ್ ಅಂತ ಡಿಕ್ಲೇರ್ ಆದದ್ದು ಒಂದೂ ಇರಲಿಲ್ಲ. ಕಡೇ ಪಕ್ಷ ಮೂರು ಶಿಪ್‌ಮೆಂಟ್‌ಗಳು ಡಿಕ್ಲೇರ್ ಆಗಬೇಕಿತ್ತು ಅಂತ ತನಿಖೆಯಲ್ಲಿ ಗೊತ್ತಾಯಿತು.

ಈಗ ಯೋಚನೆ ಮಾಡಿ. ಆವತ್ತು ಜಗತ್ತಿನ ಅತಿ ಒಳ್ಳೆಯ ಎಕ್ಸ್‌ಪರ್ಟ್ ಸಿಸ್ಟಂ ಇದ್ದಿದ್ದರೂ ಏನು ಹೇಳುತ್ತಿತ್ತು? ಡಿಜಿ ಇಲ್ಲ, ಲೋಡ್ ಸರಿ ಇದೆ, ಹಸಿರು ದೀಪ. 1996ರಲ್ಲಿ ಅಮೆರಿಕದಲ್ಲಿ ಸರಕಿಗೆ ಬೆಂಕಿ ಹತ್ತಿ ಬಿದ್ದ ವ್ಯಾಲ್ಯೂಜೆಟ್ 592 ವಿಮಾನ ಕೂಡ ಹಾಗೇ. ಅವಧಿ ಮುಗಿದ ಆಕ್ಸಿಜನ್ ಜನರೇಟರ್‌ಗಳನ್ನು ಖಾಲಿ ಅಂತ ಬರೆದು ಹಾಕಿದ್ದರು, ಖಾಲಿ ಇರಲಿಲ್ಲ, 110 ಜನ ಹೋದರು. ಟೂಲ್ ನೋಡೋದು ಕಾಗದವನ್ನು, ಪೆಟ್ಟಿಗೆಯನ್ನು ಅಲ್ಲ.

ಅದಕ್ಕೇ ಪರದೆ ಮೇಲೆ ದೊಡ್ಡದಾಗಿ "ಲೋಡ್ ಸುರಕ್ಷಿತ" ಅಂತ ತೋರಿಸಬೇಡಿ ಬೈಟು ಅವರೇ, ದಯವಿಟ್ಟು. "ಡಿಕ್ಲೇರ್ ಮಾಡಿದ ಸರಕಿನಲ್ಲಿ ನಿಯಮಭಂಗ ಕಂಡಿಲ್ಲ" ಅಂತ ಇರಲಿ. ಉದ್ದ ಆಯ್ತು ಅಂತ ನಿಮ್ಮ ಡಿಸೈನರ್ ಗೊಣಗಬಹುದು, ಗೊಣಗಲಿ.

ಎಲ್‌ಎಲ್‌ಎಂ ನಿಜಕ್ಕೂ ಕೆಲಸಕ್ಕೆ ಬರೋದು ಇಲ್ಲಿ. ಏರ್ ವೇ ಬಿಲ್ಲಿನಲ್ಲಿ (ಸರಕಿನ ಜೊತೆ ಹೋಗುವ ಸಾಗಣೆ ಪತ್ರ) ಜನ ಏನೇನೋ ಬರೆಯುತ್ತಾರೆ: ವಿಮಾನದ ಬಿಡಿಭಾಗ, ಕ್ಯಾಂಪಿಂಗ್ ಸಾಮಾನು, ಮನೆ ಸಾಮಾನು, ಟೂಲ್ ಬಾಕ್ಸ್, ಡೈವಿಂಗ್ ಸಾಮಾನು. ಇಂಥವುಗಳಲ್ಲಿ ಅಡಗಿದ ಅಪಾಯ ಇರಬಹುದು ಅಂತ ಡಿಜಿಆರ್‌ನಲ್ಲೇ ಒಂದು ಪಟ್ಟಿ ಇದೆ. ಕ್ಯಾಂಪಿಂಗ್ ಅಂದರೆ ಗ್ಯಾಸ್ ಸ್ಟವ್, ಟೂಲ್ ಬಾಕ್ಸ್ ಅಂದರೆ ಬ್ಯಾಟರಿ ಡ್ರಿಲ್ಲು. ಅಡ್ಡಾದಿಡ್ಡಿ ಸ್ಪೆಲಿಂಗು, ನಾಲ್ಕು ಭಾಷೆಯ ಮಿಶ್ರಣ, ಇದನ್ನು ಇಫ್-ದೆನ್‌ನಲ್ಲಿ ಹಿಡಿಯಲು ಹೋದರೆ ಹುಚ್ಚು ಹಿಡಿಯುತ್ತದೆ. ಮಾಡೆಲ್ ಓದಿ "ಇದನ್ನು ಬಿಚ್ಚಿ ನೋಡಿ" ಅಂತ ಹೇಳಲಿ. ತಪ್ಪು ಹೇಳಿದರೆ ಒಂದು ಪೆಟ್ಟಿಗೆ ಸುಮ್ನೆ ಬಿಚ್ಚಿದ ಹಾಗಾಯ್ತು, ಅಷ್ಟೇ. ಆದರೆ ಅದು ಏನೂ ಹೇಳಲಿಲ್ಲ ಅಂತ ಪರೀಕ್ಷೆ ಬಿಡುವಂತಿಲ್ಲ.

ಇನ್ನು ನಮ್ಮ ಕಡೆಯ ಗೋಳು. ಪ್ಲ್ಯಾನ್ ಹೊರಡುವ ಮೂರು ಗಂಟೆ ಮುಂಚೆ ಚೆನ್ನಾಗೇ ಇರುತ್ತದೆ. ಕೊನೆ ನಲವತ್ತು ನಿಮಿಷದಲ್ಲಿ ಒಂದು ಪ್ಯಾಲೆಟ್ ಬರಲಿಲ್ಲ, ಇನ್ನೊಂದರ ತೂಕ ಬೇರೆ ಬಂತು, ಎರಡು ಅದಲು ಬದಲು. ಆಗ ಸಮತೋಲದ ಲೆಕ್ಕ ಎಲ್ಲರೂ ಮತ್ತೆ ಮಾಡುತ್ತಾರೆ, ಸೆಗ್ರಿಗೇಶನ್ ಮತ್ತೆ ನೋಡೋದು ಎಲ್ಲರಿಗೂ ನೆನಪಾಗೋದಿಲ್ಲ. ಜೊತೆಗೆ ಕ್ಯಾಪ್ಟನ್‌ಗೆ ಕೊಡುವ ನೋಟಾಕ್. ಯಾವ ಯುಎನ್ ನಂಬರು, ಎಷ್ಟು, ಯಾವ ಪೊಸಿಷನ್‌ನಲ್ಲಿ ಅಂತ ಅದರಲ್ಲಿ ಇರುತ್ತದೆ. ಬೆಂಕಿ ಬಿದ್ದಾಗ ಅವರು ನಂಬೋದು ಅದನ್ನೇ. ಪೊಸಿಷನ್ ಬದಲಾಗಿ ನೋಟಾಕ್ ಹಳೆಯದೇ ಉಳಿದರೆ ನಿಮ್ಮ ಇಡೀ ಟೂಲ್ ವ್ಯರ್ಥ. ಒಂದು ಪ್ಯಾಲೆಟ್ ಜರುಗಿದರೂ ಮೂರೂ ಒಟ್ಟಿಗೆ ಮತ್ತೆ ಓಡಬೇಕು, ಹಳೆಯ ನೋಟಾಕ್ ತಾನಾಗೇ ರದ್ದಾಗಬೇಕು.

ಬೈಟು_ಕಾಫಿ

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಮ್ಯಾನೇಜರ್‌ಗೆ ಈ ಥ್ರೆಡ್ ಕಳಿಸಿದೆ, "ಎರಡು ವಾರ" ಅನ್ನೋದನ್ನು ಸದ್ಯಕ್ಕೆ ಬಿಟ್ಟಿದ್ದಾರೆ.

ಇನ್ನೆರಡು ಸಂದೇಹ. ಡಿಜಿಆರ್ ಪುಸ್ತಕಕ್ಕೆ ಕಾಪಿರೈಟ್ ಇದೆ, ಅದರ ಟೇಬಲ್ಲುಗಳನ್ನು ಹಾಗೇ ನಮ್ಮ ಡೇಟಾಬೇಸಿಗೆ ಹಾಕೋ ಹಾಗಿಲ್ಲ ಅಲ್ವಾ? ಲೈಸೆನ್ಸ್ ಮಾತು ಮುಗಿಯೋವರೆಗೆ ಪ್ರೋಟೋಟೈಪ್‌ಗೆ ಏನು ಮಾಡಲಿ? ಮತ್ತೆ ಪ್ರತಿ ವರ್ಷ ನಿಯಮ ಬದಲಾಗುತ್ತದಲ್ಲ, ಅದನ್ನು ಹೇಗೆ ಸಂಭಾಳಿಸೋದು?

ಹಳೇ_ಪ್ರೊಲಾಗ್

ಪ್ರೋಟೋಟೈಪ್‌ಗೆ ಅಮೆರಿಕದ ಫೆಡರಲ್ ನಿಯಮಾವಳಿ ನೋಡಿ, 49 ಸಿಎಫ್‌ಆರ್. ಅದು ಸರ್ಕಾರಿ ಪಠ್ಯ, ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ. 172.101ರಲ್ಲಿ ಅಪಾಯಕಾರಿ ವಸ್ತುಗಳ ದೊಡ್ಡ ಪಟ್ಟಿ ಇದೆ, 175.78ರಲ್ಲಿ ವಿಮಾನದೊಳಗೆ ಯಾವುದರ ಪಕ್ಕ ಯಾವುದು ಇಡಬಾರದು ಅನ್ನುವ ಟೇಬಲ್ಲೇ ಇದೆ. ರಚನೆ ಕಲಿಯಲು ಸಾಕು. ಆದರೆ ಅದರಲ್ಲಿ ಅಮೆರಿಕಕ್ಕೆ ಮಾತ್ರ ಸೇರಿದ ಮಿತಿಗಳೂ ಇವೆ, ಆದ್ದರಿಂದ ನಿಜವಾದ ವಿಮಾನದ ಹತ್ತಿರ ಅದನ್ನು ತರಬೇಡಿ. ಪ್ರೊಡಕ್ಷನ್‌ಗೆ ಲೈಸೆನ್ಸ್ ತಗೊಂಡ ಡೇಟಾ ಬೇಕೇ ಬೇಕು.

ಗೋದಾಮು_ಗೌಡ

ವರ್ಷದ ಬದಲಾವಣೆ ಬಗ್ಗೆ ನಾನು ಹೇಳುತ್ತೇನೆ. ಡಿಜಿಆರ್ ಪ್ರತಿ ಜನವರಿ 1ಕ್ಕೆ ಹೊಸದು, ಅದರ ಬುಡದಲ್ಲಿರುವ ಐಸಿಎಒ (ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆ) ಟೆಕ್ನಿಕಲ್ ಇನ್‌ಸ್ಟ್ರಕ್ಷನ್ಸ್ ಎರಡು ವರ್ಷಕ್ಕೊಮ್ಮೆ. ನಡುವೆ ತಿದ್ದುಪಡಿಗಳೂ ಬರುತ್ತವೆ. ಬ್ಯಾಟರಿ ಒಂದನ್ನೇ ನೋಡಿ. 2016ರ ಏಪ್ರಿಲ್‌ನಿಂದ 3480ನ್ನು ಪ್ಯಾಸೆಂಜರ್ ವಿಮಾನದ ಕಾರ್ಗೋದಲ್ಲಿ ನಿಲ್ಲಿಸಿದರು, ಚಾರ್ಜ್ 30 ಶೇಕಡಾ ಮೀರಬಾರದು ಅಂದರು. 2022ರಲ್ಲಿ ಬಿಡಿ ಬ್ಯಾಟರಿಗಿದ್ದ ಸೆಕ್ಷನ್ 2 ಎಂಬ ಸಡಿಲಿಕೆ ತೆಗೆದರು. 2025ಕ್ಕೆ ಸೋಡಿಯಂ ಅಯಾನ್ ಬ್ಯಾಟರಿಗೆ 3551, 3552 ಅಂತ ಹೊಸ ನಂಬರುಗಳೇ ಬಂದವು. ಬ್ಯಾಟರಿ ಅಂದರೆ ಇಷ್ಟೇ ನಂಬರು ಅಂತ ಕೋಡಿನೊಳಗೆ ಹತ್ತು ಕಡೆ ಬರೆದಿಟ್ಟರೆ, ಪ್ರತಿ ಡಿಸೆಂಬರ್‌ನಲ್ಲಿ ಹತ್ತೂ ಕಡೆ ಹುಡುಕಬೇಕು.

ಪ್ರತಿ ನಿಯಮಕ್ಕೂ ಯಾವಾಗಿನಿಂದ, ಯಾವಾಗಿನವರೆಗೆ ಅಂತ ದಿನಾಂಕ ಇರಲಿ. ಡಿಸೆಂಬರ್ 31ಕ್ಕೆ ತೆಗೆದುಕೊಂಡ ಸರಕು ಜನವರಿ 2ಕ್ಕೆ ಹಾರುತ್ತದೆ, ಆಗ ಕೌಂಟರಿನಲ್ಲಿ ಜಗಳ. ಇದರ ಮೇಲೆ ದೇಶಗಳ ಬೇರೆ ನಿಯಮ, ಒಂದೊಂದು ಏರ್‌ಲೈನಿನ ಬೇರೆ ನಿಯಮ. ಅವು ಸಾಮಾನ್ಯವಾಗಿ ಮೂಲ ನಿಯಮಕ್ಕಿಂತ ಬಿಗಿಯಾಗಿರುತ್ತವೆ, ಅದಕ್ಕೆ ಮೂಲವನ್ನು ಅಳಿಸಿ ಬರೆಯದೆ ಮೇಲೊಂದು ಪದರವಾಗಿ ಇಡಿ. ನಮ್ಮ ದೇಶದಲ್ಲಾದರೆ 2003ರ ಡೇಂಜರಸ್ ಗೂಡ್ಸ್ ರೂಲ್ಸ್ ಅಂತ ಇದೆ, ವಿಮಾನಯಾನ ನಿಯಂತ್ರಕ ಡಿಜಿಸಿಎ ನೋಡಿಕೊಳ್ಳುತ್ತದೆ, ಅದರ ಈಗಿನ ಸ್ಥಿತಿ ನಿಮ್ಮ ಗ್ರಾಹಕರ ಡಿಜಿ ಮ್ಯಾನೇಜರ್ ಹತ್ತಿರವೇ ಕೇಳಿ.

ಇನ್ನೊಂದು ಮಾತು. ನಿಯಮ ಬರೆಯುವ ಹುಡುಗರಲ್ಲಿ ಒಬ್ಬರಾದರೂ ಡಿಜಿ ಟ್ರೇನಿಂಗ್‌ಗೆ ಹೋಗಿ ಬರಲಿ. ಪುಸ್ತಕದ ಕೆಲವು ಅಡಿಟಿಪ್ಪಣಿ ಕ್ಲಾಸಿನಲ್ಲಿ ಕೂತರೇನೇ ತಲೆಗೆ ಹೋಗೋದು.

ಶಾರ್ಜಾ_ಕನ್ನಡತಿ

ಟೆಸ್ಟ್ ಕೇಸ್ ಬರೆಯುವಾಗ ಗೌಡ್ರ ನೈಟ್ರಿಕ್ ಆ್ಯಸಿಡ್ ಮತ್ತು ಪೇಂಟ್ ಮೊದಲು ಹಾಕಿ. ಆಮೇಲೆ ಅದೇ ಆ್ಯಸಿಡ್ ಸಾಂದ್ರತೆಯ ಜಾಗ ಖಾಲಿ ಬಿಟ್ಟು ಹಾಕಿ. ಟೂಲ್ ಏನೋ ಒಂದು ಊಹಿಸಿಕೊಂಡು ಮುಂದೆ ಹೋದರೆ ಫೇಲ್. ಗೊತ್ತಿಲ್ಲ ಅಂತ ನಿಂತು ಕೇಳಿದರೆ ಪಾಸ್.

ಓವರ್‌ರೈಡ್ ಬಟನ್ ಬೇಕಾ ಅಂತ ನಿಮ್ಮವರು ಕೇಳೇ ಕೇಳುತ್ತಾರೆ. ಜಾಗದ ಸಲಹೆಗೆ ಕೊಡಿ, ಕಾರಣ ಬರೆಸಿಕೊಂಡು, ಹೆಸರಿನ ಸಮೇತ. ಎಕ್ಸ್ ಗುರುತಿಗೆ ಕೊಡಬೇಡಿ. ರಾತ್ರಿ ಎರಡಕ್ಕೆ ಸ್ಲಾಟ್ ತಪ್ಪುತ್ತದೆ ಅಂತ ಫೋನ್ ಮೇಲೆ ಫೋನ್ ಬರುವಾಗ ಆ ಬಟನ್ ಇದ್ದರೆ ಯಾರಾದರೂ ಒತ್ತೇ ಒತ್ತುತ್ತಾರೆ.

ಪ್ರಾಂಪ್ಟ್_ಪುಟ್ಟಣ್ಣ

ಸಾಂದ್ರತೆ ಖಾಲಿ ಬಿಟ್ಟು ಕೇಳಿ ನೋಡಿದೆ. ನನ್ನ ಮಾಡೆಲ್ 68 ಶೇಕಡಾ ಅಂತ ತಾನೇ ಅಂದುಕೊಂಡು ಉತ್ತರ ಕೊಟ್ಟಿತು. ಸರಿ, ಏರ್ ವೇ ಬಿಲ್ ಓದುವ ಕೆಲಸವೇ ನಮಗಿರಲಿ. ಬೈಟು, ಆ ಭಾಗಕ್ಕೆ ಹೆಲ್ಪ್ ಬೇಕಿದ್ದರೆ ಮೆಸೇಜ್ ಮಾಡಿ.